ತೇಪೆ ಹಾಕಿದ ಕೈ

“ಒಳಗಿದ್ದಾರೆ, ಎರಡನೇ ಹೆಂಡತಿ ಜೊತೆ,” ಎನ್ನುತ್ತ ದೊರೆಯ ಹೆಂಡತಿ ಬಾಗಿಲು ತೆಗೆದಳು. “ಚಪ್ಪಲಿ ಇಲ್ಲೇ ಬಿಡಿ. ಧೂಳು ಅಂದ್ರೆ ಅವಳಿಗೆ ಆಗಲ್ಲ.”

ಇನ್ಸ್‌ಪೆಕ್ಟರ್ ತಬ್ಬಿಬ್ಬಾಗಿ ಪೊಲೀಸತ್ತೆಯ ಮುಖ ನೋಡಿದ. ಎರಡನೇ ಹೆಂಡತಿಯ ಸುದ್ದಿ ಅವನ ಫೈಲಿನಲ್ಲಿ ಇರಲಿಲ್ಲ.

“ಕಂಪ್ಯೂಟರ್ ಕಣಯ್ಯಾ,” ಎಂದಳು ಅತ್ತೆ. “ನಿನಗೆ ಟೋಪಿ ಕೊಟ್ಟವರು ಕೆಳಗೆ ತಲೆ ಇದೆಯಾ ಅಂತ ಒಂದ್ಸಲ ನೋಡಬೇಕಿತ್ತು.”

ಅವನು ಹಲ್ಲು ಬಿಟ್ಟ. ಅತ್ತೆಯ ಕೈಕೆಳಗೆ ಕೆಲಸ ಕಲಿತವನು ಅವನು. ಬೈಗುಳ ತಿನ್ನುವುದು ಅವನಿಗೆ ಹೊಸದಲ್ಲ.

ಪೊಲೀಸತ್ತೆ ಬೆರಳಚ್ಚು ವಿಭಾಗದಲ್ಲಿ ತಲೆಗೂದಲು ನರೆಸಿಕೊಂಡು ನಿವೃತ್ತಳಾದವಳು. ಅಣ್ಣನ ಮಕ್ಕಳು ಕರೆಯುತ್ತಿದ್ದ ಹೆಸರು ಠಾಣೆಯವರ ಬಾಯಿಗೆ ಬಿದ್ದು, ಅಲ್ಲಿಂದ ಕಳ್ಳರ ಬಾಯಿಗೂ ಬಿದ್ದು, ಈಗ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಲೋಕದಲ್ಲಿ ದಡ್ಡರಿದ್ದಾರೆ, ತಾವು ದಡ್ಡರೆಂದು ಗೊತ್ತಿಲ್ಲದವರಿದ್ದಾರೆ, ಈ ಎರಡೂ ಬಗೆಯವರನ್ನು ಬಿಟ್ಟರೆ ಉಳಿದವಳು ಅಣ್ಣನ ಮಗಳು ಪುಟ್ಟಿಯೊಬ್ಬಳೇ ಎಂಬುದು ಅವಳ ಗಟ್ಟಿ ನಂಬಿಕೆ.

ಆ ಪುಟ್ಟಿಯನ್ನೇ ಸಂಜೆಯೊಳಗೆ ಬಂಧಿಸಬೇಕೆಂದು ಮೇಲಿನಿಂದ ಅಪ್ಪಣೆಯಾಗಿತ್ತು. ಹೋದ ವಾರ ಬಣ್ಣದ ಕಾರ್ಖಾನೆಯಲ್ಲಿ ಕಂಪ್ಯೂಟರ್ ಹೇಳಿದ ಹೊತ್ತಿಗೆ ಸರಿಯಾಗಿ ಆಳದ ತೊಟ್ಟಿಯ ಮುಚ್ಚಳ ತೆಗೆದ ಮೇಸ್ತ್ರಿ, ಇನ್ನೂ ತಣಿಯದ ಆಮ್ಲ ಉಕ್ಕಿ ಮೈಮೇಲೆ ಬಿದ್ದು ಸತ್ತಿದ್ದ. ಆ ಕಂಪ್ಯೂಟರನ್ನು ನೋಡಿಕೊಳ್ಳುತ್ತಿದ್ದವಳು ಪುಟ್ಟಿ. ಬೇರೆ ಯಾರೋ ಅದರೊಳಗೆ ಕೈಯಾಡಿಸಿದ್ದಾರೆಂದು ಸಂಜೆಯೊಳಗೆ ತೋರಿಸಿಕೊಟ್ಟರೆ ಸರಿ, ಇಲ್ಲದಿದ್ದರೆ ಜೀಪು ಅಣ್ಣನ ಮನೆಯ ಮುಂದೆ ನಿಲ್ಲುತ್ತದೆ.

ಪುಟ್ಟಿ ಎಲ್ಲರಿಗಿಂತ ಹಿಂದೆ ನಿಂತು ಚಪ್ಪಲಿ ಬಿಡುತ್ತಿದ್ದಳು. ಒಂದು ಚಪ್ಪಲಿ ಬಿಡಲು ಇಷ್ಟು ಹೊತ್ತು ಏಕೆ ಎಂದು ಅತ್ತೆಗೆ ಅನ್ನಿಸಲಿಲ್ಲ.

ಒಳಗಿನ ಕೋಣೆ ಹೊರಗಿನ ಬಿಸಿಲಿಗೆ ಸಂಬಂಧವೇ ಇಲ್ಲದಂತೆ ತಣ್ಣಗಿತ್ತು. ಗೋಡೆಯ ತಂಪಿನ ಯಂತ್ರ ಗೊರಗುಟ್ಟುತ್ತಿತ್ತು. ಗಾಜಿನ ಬೀರುವಿನಲ್ಲಿ ಊಟದ ತಟ್ಟೆಯಗಲದ ಟೇಪು ಸುರುಳಿಗಳು, ಅವುಗಳ ಮೇಲೆ ಬೊಂಬೆಗಳನ್ನು ಕೂರಿಸಿದಂತೆ ಹಳೆಯ ಸರ್ಕ್ಯೂಟ್ ಬೋರ್ಡುಗಳು. ಮೇಜಿನ ಮೇಲೆ ಒಂದು ಸಾಧಾರಣ ಪೀಸಿ. ಅದರ ಪರದೆಯಲ್ಲಿ ಕಪ್ಪು ಹಿನ್ನೆಲೆ, ಹಸಿರು ಅಕ್ಷರ. ಎದುರಿಗೆ ಸ್ವೆಟರು ಹಾಕಿಕೊಂಡು ದೊರೆ ಕುಳಿತಿದ್ದ.

ಬಣ್ಣದ ಕಾರ್ಖಾನೆಗೆ ಮೈನ್‌ಫ್ರೇಮ್ ಎಂಬ ದೊಡ್ಡ ಯಂತ್ರ ಬಂದ ಕಾಲದಿಂದ ಅದಕ್ಕೆ ಮುಖ್ಯಸ್ಥನಾಗಿದ್ದವನು ಈತ. ಯಂತ್ರಕ್ಕೆ ಸೆಕೆ ಆಗದೆಂದು ಗಾಜಿನ ಕೋಣೆ, ಗಾಜಿನ ಕೋಣೆಗೆ ತಂಪು, ತಂಪಿಗೆ ಈತನ ಸ್ವೆಟರು. ಮಿಕ್ಕವರು ಹೊರಗಿನ ಕಿಂಡಿಯಲ್ಲಿ ಪ್ರೋಗ್ರಾಮನ್ನು ತೂತುಗಳಲ್ಲಿ ಕೊರೆದ ಕಾರ್ಡಿನ ಕಟ್ಟು ಕೊಟ್ಟು, ಬೆವರೊರೆಸಿಕೊಂಡು, ನಾಳೆ ಬನ್ನಿ ಎಂದು ಹೇಳಿಸಿಕೊಂಡು ಹೋಗಬೇಕಾಗಿತ್ತು. ದೊರೆ ಎಂಬ ಹೆಸರು ಆಗ ಬಿದ್ದದ್ದು. ಅದು ಬೈಗುಳವೆಂದು ಆತನಿಗೆ ಇಂದಿಗೂ ತಿಳಿದಿಲ್ಲ.

“ಕೂತ್ಕೊಳ್ಳಿ, ಕುರ್ಚಿ ಎರಡೇ ಇರೋದು,” ಎಂದ, ತಿರುಗಿಯೂ ನೋಡದೆ. “ಇಲ್ಲಿಗೆ ಯಾರೂ ಬರಲ್ಲ. ಬಂದ್ರೂ ಅರ್ಥ ಆಗಲ್ಲ.”

ಅತ್ತೆ ಒಂದು ಕುರ್ಚಿಯಲ್ಲಿ ಕುಳಿತಳು. ಇನ್ಸ್‌ಪೆಕ್ಟರ್ ಮತ್ತೊಂದರಲ್ಲಿ ಕುಳಿತು, ಅತ್ತೆಯ ನೋಟ ಕಂಡು ಎದ್ದ. ಪುಟ್ಟಿ ಕೂರಲಿಲ್ಲ.

“ಇದೇನು ನಡೀತಿರೋದು ಇದರಲ್ಲಿ?” ಎಂದು ಇನ್ಸ್‌ಪೆಕ್ಟರ್ ಪರದೆಯತ್ತ ಬಗ್ಗಿದ.

“ನಾಟಕ,” ಎಂದ ದೊರೆ. “ಎಮ್ಯುಲೇಟರ್ ಅಂತ ಒಂದು ಪ್ರೋಗ್ರಾಂ. ಈ ಡಬ್ಬೀಗೆ ನೀನು ಡಬ್ಬಿ ಅಲ್ಲ, ದೊಡ್ಡ ಯಂತ್ರ ಅಂತ ನಂಬಿಸಿಬಿಡುತ್ತೆ. ಟೇಪಿಲ್ಲ, ಆದ್ರೆ ಟೇಪು ಹಾಕು ಅಂತ ಕೇಳುತ್ತೆ. ಪ್ರಿಂಟರ್ ಇಲ್ಲ, ಆದ್ರೆ ಕಾಗದ ಮುಗೀತು ಅಂತ ಗೋಳಾಡುತ್ತೆ. ಆಪರೇಟರ್ ಉತ್ತರ ಕೊಡೋವರೆಗೂ ಕಾಯುತ್ತೆ. ಮನುಷ್ಯರಿಗಿಂತ ಮರ್ಯಾದೆ ಗೊತ್ತು ಇದಕ್ಕೆ.”

“ಕಾರ್ಖಾನೇಲೂ ಇದೇ ಅಲ್ವಾ ಇರೋದು?” ಎಂದ ಇನ್ಸ್‌ಪೆಕ್ಟರ್.

“ಕಾರ್ಖಾನೇಲಿ ಇರೋದು ಇದರ ಹೆಣ.”

ಪುಟ್ಟಿಯ ತುಟಿ ಬಿಗಿಯಿತು. ಅತ್ತೆ ಅದನ್ನು ನೋಡಿ ಹೆಮ್ಮೆಪಟ್ಟಳು. ತಮ್ಮ ಮನೆಯವರು ಅವಮಾನವನ್ನು ನುಂಗುವ ಜಾತಿಯಲ್ಲ.

ಇದನ್ನೆಲ್ಲ ಪುಟ್ಟಿ ಅಡುಗೆಮನೆಯ ಕಟ್ಟೆಗೊರಗಿ ನಿಂತು ಅತ್ತೆಗೆ ಮೊದಲೇ ಹೇಳಿಕೊಟ್ಟಿದ್ದಳು. ಯಾವ ತೊಟ್ಟಿ, ಎಷ್ಟು ಆಮ್ಲ, ಎಷ್ಟು ಬಿಸಿ ಎಂದು ತಿಳಿಸಿದರೆ, ಎಷ್ಟು ಹೊತ್ತು ತಣಿದ ಮೇಲೆ ಮುಚ್ಚಳ ತೆಗೆಯಬೇಕೆಂದು ಲೆಕ್ಕ ಹಾಕಿ ಹೇಳುವ ಪ್ರೋಗ್ರಾಂ ಕಾರ್ಖಾನೆಯದು. ದೊರೆ ಅದನ್ನು ಬರೆದದ್ದು ಅಸೆಂಬ್ಲಿಯಲ್ಲಿ, ಎಂದರೆ ಆ ದೊಡ್ಡ ಯಂತ್ರದ ಸ್ವಂತ ಭಾಷೆಯಲ್ಲಿ. ಇದನ್ನು ತೆಗೆದುಕೋ, ಇದಕ್ಕೆ ಕೂಡಿಸು, ಅದರ ಜೊತೆ ಹೋಲಿಸು, ಹೆಚ್ಚಾಗಿದ್ದರೆ ಅಲ್ಲಿಗೆ ಹಾರು. ಒಂದೊಂದು ಸಾಲಿಗೆ ಒಂದೊಂದು ಚಿಟಿಕೆ ಕೆಲಸ. ಯಂತ್ರ ಗುಜರಿಗೆ ಹೋದಾಗ, ಈ ಪ್ರೋಗ್ರಾಂ ಮಾತ್ರ ಬೇಕೆಂದು ಮಾಲೀಕರು ಹಟ ಹಿಡಿದರು. ಪುಟ್ಟಿ ಕೊನೆಯ ಟೇಪನ್ನು ಓದಿಸಿ, ಪೀಸಿಗೆ ಎಮ್ಯುಲೇಟರ್ ಹಾಕಿ, ಪ್ರೋಗ್ರಾಮನ್ನು ಅದರೊಳಗೆ ಎಬ್ಬಿಸಿ ನಿಲ್ಲಿಸಿದಳು. ಕಾರ್ಖಾನೆಯ ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಅತ್ತೆ ಅದನ್ನು ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿದ್ದಳು.

“ನೀವು ಬೆರಳಚ್ಚಿನೋರಂತೆ,” ಎಂದ ದೊರೆ, ಕಡೆಗೂ ಕುರ್ಚಿ ತಿರುಗಿಸಿ. “ಇಲ್ಲೇನು ಸಿಗುತ್ತೆ ನಿಮಗೆ?”

“ಸಿಕ್ಕಿದೆ. ಅದಕ್ಕೇ ಬಂದೆ.”

“ಹೌದಾ? ಯಾರದು?”

“ನಿಮ್ಮದು.”

ದೊರೆ ನಕ್ಕ. ದೊಡ್ಡ ನಗುವಲ್ಲ. ಕಿಂಡಿಯಲ್ಲಿ ತಪ್ಪು ಕಾರ್ಡು ಕೊಟ್ಟವರನ್ನು ನೋಡಿ ನಗುತ್ತಿದ್ದನಲ್ಲ, ಆ ನಗು.

ಅತ್ತೆ ಕೈಬೀಸಿದಳು. ಇನ್ಸ್‌ಪೆಕ್ಟರ್ ಜೇಬಿನಿಂದ ಲಕೋಟೆ ತೆಗೆದು, ಅದರಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟ.

“ಇದರಲ್ಲಿ ಎರಡು ನಕಲು ಇದೆ,” ಎಂದಳು ಅತ್ತೆ. “ಒಂದು, ಹಳೇ ಯಂತ್ರದ ಕೊನೇ ಟೇಪಿಂದು. ಇನ್ನೊಂದು, ಮೇಸ್ತ್ರಿ ಸತ್ತ ದಿನ ಕಾರ್ಖಾನೆ ಪೀಸೀಲಿ ಓಡ್ತಿದ್ದದ್ದು. ಎರಡೂ ಒಂದೇ ಥರ ಇರಬೇಕು. ಇಲ್ಲ. ಒಂದು ಕಡೆ ಮಾತ್ರ ಬೇರೆ.”

“ಎಲ್ಲಿ?”

“ನಡುವೆ ಒಂದು ಸಾಲನ್ನ ಕಿತ್ತು, ಆ ಜಾಗದಲ್ಲಿ ‘ಕೊನೆಗೆ ಹಾರು’ ಅಂತ ಹಾಕಿದ್ದಾರೆ. ಕೊನೇಲಿ ಖಾಲಿ ಬಿಟ್ಟಿರೋ ಜಾಗದಲ್ಲಿ ನಾಲ್ಕಾರು ಹೊಸ ಸಾಲು. ಅವು ಮುಗಿದ ತಕ್ಷಣ ‘ವಾಪಸ್ ಹಾರು’. ತೇಪೆ.”

ದೊರೆಯ ಹುಬ್ಬು ಮೇಲೇರಿತು. “ಪರವಾಗಿಲ್ಲ. ಯಾರು ಹೇಳಿಕೊಟ್ರು?”

“ಹೇಳಿಕೊಟ್ಟೋರು ಇಲ್ಲೇ ನಿಂತಿದ್ದಾರೆ. ಕೇಳಿ. ಈಗಿನವರು ಹೀಗೆ ತೇಪೆ ಹಾಕಲ್ಲ. ಏನು ಬದಲಾಯಿಸಬೇಕೋ ಅದನ್ನ ಬರಹದಲ್ಲೇ ತಿದ್ದಿ, ಇನ್ನೊಂದ್ಸಲ ಅಸೆಂಬಲ್ ಮಾಡ್ತಾರೆ, ಅಂದ್ರೆ ಆ ಬರಹದಿಂದ ಯಂತ್ರ ಓಡಿಸೋ ಪ್ರೋಗ್ರಾಮನ್ನ ಹೊಸದಾಗಿ ಕಟ್ತಾರೆ. ಪೀಸೀಲಿ ಕಣ್ಣು ಮಿಟುಕಿಸೋದ್ರೊಳಗೆ ಆಗಿಹೋಗುತ್ತೆ. ನಿಮ್ಮ ಕಾಲದಲ್ಲಿ ಹಾಗಿರಲಿಲ್ಲ. ಕಾರ್ಡು ಕೊಟ್ಟು, ಸರದಿ ಬರೋವರೆಗೆ ಕಾಯಬೇಕು. ಅದಕ್ಕೇ ನೀವೆಲ್ಲ ಪ್ರೋಗ್ರಾಮಿನ ಬಾಲದಲ್ಲಿ ಖಾಲಿ ಜಾಗ ಬಿಟ್ಟುಕೊಂಡು, ಕಟ್ಟಿದ ಪ್ರೋಗ್ರಾಮಿಗೇ ಹೊಲಿಗೆ ಹಾಕ್ತಿದ್ರಿ. ಅದು ನಿಮ್ಮ ಕೈಚಳಕ. ಕಾಲ ಬದಲಾದ್ರೂ ಕೈ ಬದಲಾಗಲ್ಲ. ಎಷ್ಟು ಕಳ್ಳರನ್ನ ನೋಡಿದ್ದೀನಿ. ಬೀಗ ಹೊಸದಾದ್ರೂ ಒಡೆಯೋದು ಹಳೇ ಥರಾನೇ.”

ಅತ್ತೆಗೆ ತನ್ನ ಮಾತು ತನಗೇ ರುಚಿಸಿತು. ಇನ್ಸ್‌ಪೆಕ್ಟರ್ ತಲೆದೂಗುತ್ತಿದ್ದ, ಅರ್ಥವಾಗಿ ಅಲ್ಲ, ಅಭ್ಯಾಸದಿಂದ.

“ಈ ಊರು ಕೇರೀಲೆಲ್ಲ ಹುಡುಕಿದ್ರೂ ಆ ಭಾಷೇಲಿ ತೇಪೆ ಹಾಕೋರು ಈಗ ಒಬ್ಬರೇ,” ಎಂದು ಮುಂದುವರಿಸಿದಳು. “ಹೋದ ತಿಂಗಳು ಕಾರ್ಖಾನೆಯವರು ನಿಮ್ಮನ್ನ ಸನ್ಮಾನಕ್ಕೆ ಕರೆದಿದ್ರು. ಭಾಷಣ ಮುಗಿದು ಎಲ್ಲರೂ ತಿಂಡಿಗೆ ಹೋದಾಗ ನೀವು ಪೀಸಿ ಕೋಣೇಲಿ ಒಬ್ಬರೇ ಕೂತಿದ್ರಿ. ಕಾವಲುಗಾರ ನೋಡಿದ್ದಾನೆ.”

“ಕೂತಿದ್ದೆ.”

“ಒಪ್ಕೋತೀರಾ?”

“ಯಾಕೊಪ್ಪಬಾರದು? ಸನ್ಮಾನ ಅಂತ ಒಂದು ಗಡಿಯಾರ ಕೊಟ್ರು. ನಡೆಯಲ್ಲ. ನನ್ನ ಯಂತ್ರಾನ ತೂಕಕ್ಕೆ ಮಾರಿದೋರು ಅವರು, ನನಗೆ ನಡೆಯೋ ಗಡಿಯಾರ ಕೊಡ್ತಾರಾ? ಅವರ ತಿಂಡಿ ತಿನ್ನೋಕೆ ಮನಸ್ಸಾಗಲಿಲ್ಲ. ಹೋಗಿ ನನ್ನ ಪ್ರೋಗ್ರಾಂ ಹೇಗಿದೆ ಅಂತ ನೋಡಿದೆ.”

“ನೋಡಿ ಸುಮ್ನಿದ್ರಾ?”

“ಸುಮ್ನಿದ್ದೆ,” ಎಂದ ದೊರೆ. ಅತ್ತೆಗೆ ಆ ಒಂದು ಪದ ಯಾಕೋ ಸರಿಬರಲಿಲ್ಲ. ಆದರೆ ಬೇಟೆ ಬಲೆಯ ಬಾಯಿಗೆ ಬಂದಿರುವಾಗ ಹಿಂದೆ ತಿರುಗಿ ನೋಡುವ ಹೆಣ್ಣಲ್ಲ ಅವಳು.

“ಆ ತೇಪೆ ನಿಮ್ಮ ಕೈದು ಹೌದೋ ಅಲ್ವೋ?”

“ಹೌದು.”

ಇನ್ಸ್‌ಪೆಕ್ಟರ್ ಪೆನ್ನು ತೆಗೆದ. ಅತ್ತೆ ಗೆದ್ದ ನಗೆಯಲ್ಲಿ ಪುಟ್ಟಿಯ ಕಡೆ ತಿರುಗಿದಳು. ಪುಟ್ಟಿ ನೆಲ ನೋಡುತ್ತಿದ್ದಳು. ಪಾಪ, ಮಗು ಒಂದು ವಾರದಿಂದ ಕಣ್ಣು ಮುಚ್ಚಿಲ್ಲ ಎಂದುಕೊಂಡಳು ಅತ್ತೆ.

“ಬರ್ಕೊಳ್ಳಯ್ಯಾ ಇನ್ಸ್‌ಪೆಕ್ಟ್ರೇ,” ಎಂದ ದೊರೆ. “ತೇಪೆ ನನ್ನದು. ಒಂದು ಪ್ರಶ್ನೆ ಮೇಡಂಗೆ. ಆ ತೇಪೆ ಏನು ಮಾಡುತ್ತೆ?”

“ತಣಿಸೋ ಹೊತ್ತನ್ನ ಏರುಪೇರು ಮಾಡುತ್ತೆ.”

“ಏರಾ, ಪೇರಾ?”

“ಅಂದ್ರೆ?”

“ಕನ್ನಡದಲ್ಲೇ ಕೇಳ್ತಿದ್ದೀನಿ. ಹೊತ್ತನ್ನ ಜಾಸ್ತಿ ಮಾಡುತ್ತೋ, ಕಮ್ಮಿ ಮಾಡುತ್ತೋ?”

ಅಡುಗೆಮನೆಯಲ್ಲಿ ಪುಟ್ಟಿ ‘ಹೊತ್ತು ಬದಲಾಗುತ್ತೆ ಅತ್ತೆ’ ಎಂದಷ್ಟೇ ಹೇಳಿದ್ದಳು. ಎತ್ತ ಬದಲಾಗುತ್ತದೆಂದು ಅತ್ತೆ ಕೇಳಿರಲಿಲ್ಲ. ಮೇಸ್ತ್ರಿ ಸತ್ತಿದ್ದ. ಕೇಳುವುದೇನಿತ್ತು?

“ಪುಟ್ಟೀ?”

ಪುಟ್ಟಿ ಗಾಜಿನ ಬೀರುವಿನ ಕಡೆ ಮುಖ ತಿರುಗಿಸಿದಳು.

“ಅವಳನ್ನ ಯಾಕೆ ಕಷ್ಟಪಡಿಸ್ತೀರಿ? ಡಬ್ಬೀನೇ ಕೇಳೋಣ,” ಎಂದ ದೊರೆ, ಪೆನ್‌ಡ್ರೈವ್ ಎತ್ತಿಕೊಳ್ಳುತ್ತ. “ಇದರ ನಕಲು ಮಾಡಿದ್ದು ಯಾರು?”

“ನಮ್ಮ ಪುಟ್ಟಿ ಅವರೇ, ಸರ್,” ಎಂದ ಇನ್ಸ್‌ಪೆಕ್ಟರ್.

“ಆಪಾದನೆ ಇರೋದು ಅವಳ ಮೇಲೆ. ಸಾಕ್ಷಿ ನಕಲು ಮಾಡಿದ್ದೂ ಅವಳೇ?”

“ನಮ್ಮ ಠಾಣೇಲಿ ಇನ್ಯಾರಿಗೂ ಬರಲ್ಲ, ಸರ್. ಆಮೇಲೆ ಪೀಸಿಗೆ ಸೀಲ್ ಹಾಕಿದ್ದೀವಿ.”

“ಶಹಬ್ಬಾಸ್. ಮೇಡಂ, ಇವನನ್ನ ನೀವೇ ತಯಾರು ಮಾಡಿದ್ದಂತೆ?”

ಅತ್ತೆಯ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಅವಳು ಇನ್ಸ್‌ಪೆಕ್ಟರನಿಗೆ ಬೈದಿದ್ದೆಲ್ಲ ಬೇರೆ, ಇನ್ನೊಬ್ಬನ ಬಾಯಲ್ಲಿ ಕೇಳುವುದು ಬೇರೆ.

ದೊರೆ ಕೀಲಿಮಣೆಯ ಮೇಲೆ ಬೆರಳಾಡಿಸಿದ. ‘ಕಾರ್ಖಾನೆ’ ಎಂದು ಹೆಸರು ಕೊಟ್ಟಿದ್ದ ನಕಲನ್ನು ಎಮ್ಯುಲೇಟರಿಗೆ ಉಣಿಸಿದ. ಹಸಿರು ಅಕ್ಷರಗಳು ಸರಸರನೆ ಇಳಿದು ನಿಂತವು. ಪ್ರೋಗ್ರಾಂ ಒಂದೊಂದಾಗಿ ಪ್ರಶ್ನೆ ಕೇಳಿತು. ಯಾವ ತೊಟ್ಟಿ ಎಂದದ್ದಕ್ಕೆ ಆಳದ ತೊಟ್ಟಿ ಎಂದು ಒತ್ತಿದ. ಎಷ್ಟು ತುಂಬಿದೆ, ಎಷ್ಟು ಬಿಸಿ ಎಂದದ್ದಕ್ಕೆ ಇನ್ಸ್‌ಪೆಕ್ಟರನನ್ನು ಕೇಳಿ, ಮೇಸ್ತ್ರಿ ಸತ್ತ ದಿನದ್ದನ್ನೇ ಕೊಟ್ಟ. ಕೊನೆಯ ಕೀಲಿ ಒತ್ತಿ, ಕುರ್ಚಿಗೆ ಒರಗಿ, ಆರಿದ ಕಾಫಿಯ ಲೋಟಕ್ಕೆ ಕೈ ಚಾಚಿದ. ಉತ್ತರ ಆಗಲೇ ಪರದೆಯ ಮೇಲಿತ್ತು. ದೊಡ್ಡ ಯಂತ್ರಕ್ಕೆ ಕಾಯುತ್ತಿದ್ದ ಮೈ ಈಗಲೂ ಕಾಯುತ್ತಿತ್ತು.

“ಓದಿ, ಇನ್ಸ್‌ಪೆಕ್ಟ್ರೇ.”

“ಒಂದೂವರೆ ಗಂಟೆ.”

“ಆ ದಿನ ಮೇಸ್ತ್ರಿಗೆ ಏನಂತ ಬಂದಿತ್ತು?”

“ಅರ್ಧ ಗಂಟೆ. ಜೊತೇಲಿದ್ದೋರು ಅಷ್ಟೂ ಜನ ಹೇಳಿದ್ದಾರೆ.” ಇನ್ಸ್‌ಪೆಕ್ಟರ್ ಪರದೆಯನ್ನು ಮತ್ತೊಮ್ಮೆ ಓದಿದ. “ಅಲ್ಲಿ ಅರ್ಧ ಗಂಟೆ ಅಂದಿದ್ದು, ಇಲ್ಲಿ ಹೇಗೆ ಒಂದೂವರೆ...”

“ಈಗ ಟೇಪು ಅಂತ ಹೆಸರಿರೋದನ್ನ ಓಡಿಸೋಣ.”

ಓಡಿಸಿದ. ಅರ್ಧ ಗಂಟೆ ಎಂದು ಬಂತು.

ಇನ್ಸ್‌ಪೆಕ್ಟರನಿಗೆ ಅದು ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಅತ್ತೆಗೆ ಹಿಡಿಯಲಿಲ್ಲ. ತೇಪೆ ಹಾಕಿದ ಪ್ರೋಗ್ರಾಂ ಮನುಷ್ಯನನ್ನು ಉಳಿಸುತ್ತದೆ. ತೇಪೆಯಿಲ್ಲದ್ದು ಕೊಲ್ಲುತ್ತದೆ. ಕಾರ್ಖಾನೆಯಲ್ಲಿ ಓಡುತ್ತಿದ್ದದ್ದು ಕೊಂದದ್ದು. ಹಾಗಿದ್ದರೆ ಪೆನ್‌ಡ್ರೈವಿನ ಎರಡು ಹೆಸರುಗಳನ್ನು ಯಾರೋ ಅದಲುಬದಲು ಮಾಡಿದ್ದಾರೆ. ನಕಲು ಮಾಡಿದವಳು ಒಬ್ಬಳೇ.

ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗಿಂತ ಮೊದಲು ನಾಚಿಕೆ ಬಂತು. ಇಡೀ ಊರನ್ನು ಅನುಮಾನದ ಕಣ್ಣಿನಿಂದ ನೋಡುವವಳು, ತನ್ನ ಅಡುಗೆಮನೆಯಲ್ಲಿ ನಿಂತು ಹೇಳಿದ ಮಾತನ್ನು ಮಾತ್ರ ತಿರುಗಿಸಿ ನೋಡಿರಲಿಲ್ಲ.

“ಆಳದ ತೊಟ್ಟಿ ಬಂದದ್ದು ಆಮೇಲೆ,” ಎಂದು ದೊರೆ ಪಾಠ ಹೇಳುವವನಂತೆ ಶುರುಮಾಡಿದ. “ಪ್ರೋಗ್ರಾಂ ಬರೆದಾಗ ಅದು ಇರಲೇ ಇಲ್ಲ. ಅದರ ಗೋಡೆ ದಪ್ಪ, ತಣಿಯೋದು ನಿಧಾನ. ಅದಕ್ಕೇ ನಾನು ತೇಪೆ ಹಾಕಿದೆ. ಈ ತೊಟ್ಟಿ ಆದ್ರೆ ಇನ್ನಷ್ಟು ಹೊತ್ತು ಕೂಡಿಸು ಅಂತ. ಕಟ್ಟಿದ ಪ್ರೋಗ್ರಾಮಿಗೆ ಹಾಕಿದೆ. ಬರಹದಲ್ಲಿ ತಿದ್ದಲಿಲ್ಲ. ಹೊಲಿದ ಅಂಗಿ ಬಿಗಿಯಾಯ್ತು ಅಂತ ಹೊಲಿಗೆ ಬಿಚ್ಚಿ ಸಡಿಲ ಮಾಡ್ತೀವಲ್ಲ, ಅಳತೆ ಕಾಗದ ಹಾಗೇ ಇರುತ್ತೆ. ಯಾರಾದ್ರೂ ಆ ಕಾಗದ ಇಟ್ಕೊಂಡು ಹೊಸ ಅಂಗಿ ಹೊಲಿದ್ರೆ?”

“ಮತ್ತೆ ಬಿಗಿ ಆಗುತ್ತೆ,” ಎಂದ ಇನ್ಸ್‌ಪೆಕ್ಟರ್.

“ನಿಮಗೆ ಭವಿಷ್ಯ ಇದೆ. ಹಾಗೇ ಇವಳು. ಟೇಪಿನಲ್ಲಿ ಕಟ್ಟಿದ ಪ್ರೋಗ್ರಾಮೂ ಇತ್ತು, ಬರಹಾನೂ ಇತ್ತು. ಕಟ್ಟಿದ್ದನ್ನ ಹಾಗೇ ಓಡಿಸಿದ್ರೆ ಮುಗೀತಿತ್ತು. ಇವಳು ಬರಹ ಎತ್ಕೊಂಡು ಹೊಸದಾಗಿ ಅಸೆಂಬಲ್ ಮಾಡಿದ್ಲು. ತೇಪೆ ಬಿದ್ದುಹೋಯ್ತು. ಆಳದ ತೊಟ್ಟಿ ಮೂಲೇಲಿ ಒಣಗ್ತಾ ಇದ್ದದ್ದರಿಂದ ಯಾರಿಗೂ ಗೊತ್ತಾಗ್ಲಿಲ್ಲ. ಹೋದ ವಾರ ದೊಡ್ಡ ಆರ್ಡರ್ ಬಂತು, ತೊಟ್ಟೀನ ಕೆಲಸಕ್ಕೆ ಇಳಿಸಿದ್ರು, ಮೇಸ್ತ್ರಿ ಹೋದ.”

ಅವನು ಲೋಟ ಕೆಳಗಿಟ್ಟು ಪುಟ್ಟಿಯನ್ನು ಮೇಲಿಂದ ಕೆಳಗೆ ನೋಡಿದ.

“ಬೇಜಾರು ಮಾಡ್ಕೋಬೇಡಮ್ಮ. ನಿಮ್ಮ ತಲೆಮಾರಿನ ತಪ್ಪು ಅಲ್ಲ ಇದು. ಯಾರೂ ಕಲಿಸಲಿಲ್ಲ. ಅಕ್ಷರ ಓದೋಕೆ ಬರುತ್ತೆ, ಅದರ ಒಳಗೇನಿದೆ ಅಂತ ನೋಡೋಕೆ ಬರಲ್ಲ. ಹುಡುಗಿ ಕಣ್ಣಿಗೆ ತೇಪೆ ಬಿದ್ದೇ ಇಲ್ಲ, ಇನ್ಸ್‌ಪೆಕ್ಟ್ರೇ. ಬರ್ಕೊಳ್ಳಿ. ದಡ್ಡತನ. ದಡ್ಡತನಕ್ಕೆ ಶಿಕ್ಷೆ ಕಮ್ಮಿ ಅಲ್ವಾ?”

ಅತ್ತೆ ಆ ಮಾತನ್ನು ಹಿಡಿದುಕೊಂಡಳು. ಅವಮಾನವೇ ಇರಲಿ, ಬಾಗಿಲು ಬಾಗಿಲೇ. ಗೊತ್ತಿಲ್ಲದೆ ಆದ ತಪ್ಪು ಎಂದು ಬರೆದರೆ ವಕೀಲ ಏನಾದರೂ ಮಾಡಬಲ್ಲ. ಹೆಸರು ಅದಲುಬದಲಾದದ್ದೂ ಗಾಬರಿಯ ಕೆಲಸ ಎನ್ನಬಹುದು. ಪುಟ್ಟಿ ಒಮ್ಮೆ ತಲೆ ತಗ್ಗಿಸಿ, ಹೌದು, ನನಗೆ ಗೊತ್ತಾಗಲಿಲ್ಲ ಎಂದರೆ ಸಾಕು. ಒಂದೇ ಸಲ.

“ಹೌದು ಅನ್ನು,” ಎಂದು ಅತ್ತೆ ಮೆಲ್ಲಗೆ ಅಂದಳು. “ಪುಟ್ಟೀ, ಹೌದು ಅಂದುಬಿಡು.”

ಪುಟ್ಟಿ ತಲೆಯೆತ್ತಿದಳು. ಮೂಗಿನ ಹೊಳ್ಳೆ ಅರಳಿತ್ತು. ಎಳೆಯವಳಿದ್ದಾಗ ಲೆಕ್ಕ ತಪ್ಪಾಗಿದೆ ಎಂದು ಮೇಷ್ಟ್ರು ಹೇಳಿದರೆ, ತಪ್ಪು ನಿಮ್ಮ ಉತ್ತರದಲ್ಲಿದೆ ಎಂದು ಎದ್ದು ನಿಲ್ಲುತ್ತಿದ್ದಳಂತೆ. ಮನೆಗೆ ದೂರು ಬಂದಾಗ ಅತ್ತೆಯೇ ಬೆನ್ನು ತಟ್ಟಿ, ದಡ್ಡರ ಮುಂದೆ ಬಗ್ಗಬೇಡ ಎಂದಿದ್ದಳು.

“ನಾನು ದಡ್ಡಿ ಅಲ್ಲ,” ಎಂದಳು ಪುಟ್ಟಿ.

“ಪುಟ್ಟೀ.”

“ಅಲ್ಲ ಅತ್ತೆ. ಕಣ್ಣಿಗೆ ಬಿದ್ದಿಲ್ಲ ಅಂತಾರಲ್ಲ. ನಾನು ಮೊದಲನೇ ದಿನಾನೇ ನೋಡಿದ್ದೆ. ಟೇಪಿನಲ್ಲಿದ್ದ ಪ್ರೋಗ್ರಾಮನ್ನ ಬರಹದ ಜೊತೆ ಸಾಲು ಸಾಲು ಹೋಲಿಸಿದೆ. ತೇಪೆ ಕಾಣಿಸ್ತು. ಎಲ್ಲಿಂದ ಹಾರುತ್ತೆ, ಎಲ್ಲಿಗೆ ಬರುತ್ತೆ, ಏನು ಕೂಡಿಸುತ್ತೆ, ಎಲ್ಲಾ ಬಿಡಿಸಿ ನೋಡಿದೆ. ನಂಬರು ಇತ್ತು, ಯಾಕೆ ಅಂತ ಎಲ್ಲೂ ಇರಲಿಲ್ಲ. ಹಳಬರ ಕಸ ಅಂದ್ಕೊಂಡೆ.” ಅವಳ ದನಿ ನಡುಗುತ್ತಿರಲಿಲ್ಲ. ನಡುಗಿದ್ದರೆ ಅತ್ತೆಗೆ ಎಷ್ಟೋ ವಾಸಿಯಾಗುತ್ತಿತ್ತು. “ಬಿದ್ದುಹೋಗಲಿಲ್ಲ ಅದು. ಗೊತ್ತಿದ್ದೇ ತೆಗೆದೆ.”

ಇನ್ಸ್‌ಪೆಕ್ಟರನ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು. ಅವನು ಮೊದಲು ಅತ್ತೆಯನ್ನು ನೋಡಿದ, ಬರೆದುಕೊಳ್ಳಲೇ ಎಂದು ಕೇಳುವಂತೆ. ಪುಟ್ಟಿ ಮಾತಾಡಿದ್ದು ಪುಟ್ಟಿಯ ದನಿಯಲ್ಲಿ, ಆದರೆ ಮಾತು ಅತ್ತೆಯದು. ‘ಹಳಬರ ಕಸ’ ಎಂದು ಮೂಗು ಮುರಿಯುವುದನ್ನು ಆ ಮನೆಯಲ್ಲಿ ಇನ್ಯಾರು ಕಲಿಸಿದ್ದರು?

ಮೇಸ್ತ್ರಿಯನ್ನು ಅತ್ತೆ ಕಂಡದ್ದು ಫೋಟೋದಲ್ಲಿ ಮಾತ್ರ. ಈವರೆಗೆ ಅವನು ಅವಳಿಗೆ ಒಂದು ಕೇಸು. ಈಗ ಅವನ ಹೆಸರೇನೆಂದು ನೆನಪಿಸಿಕೊಳ್ಳಲು ನೋಡಿದಳು.

ದೊರೆ ಕುರ್ಚಿಗೆ ಒರಗಿದ. “ಕೇಳಿಸ್ತಾ? ಗೊತ್ತಿದ್ದೇ ತೆಗೆದಳಂತೆ. ನಾನು ಬಾಗಿಲು ತೆಗೆದುಕೊಟ್ಟೆ, ಅವಳೇ ಮುಚ್ಕೊಂಡಳು.”

“ಇನ್ನೂ ಮುಗಿದಿಲ್ಲ,” ಎಂದಳು ಪುಟ್ಟಿ.

“ಏನಿದೆ ಇನ್ನು?”

“ತೆಗೆಯೋ ಮುಂಚೆ ಕೇಳಿದ್ದೆ. ಕಸ ಅನ್ನಿಸಿದ್ರೂ ಕೇಳಿದ್ದೆ. ಬರೆದವರು ಬದುಕಿದ್ದಾರೆ ಅಂತ ಗೊತ್ತಿತ್ತು, ನಂಬರ್ ಹುಡುಕಿ ಫೋನ್ ಮಾಡಿದೆ.” ಅವಳು ದೊರೆಯ ಕಡೆಗೆ ಬೆರಳು ತೋರಿಸಲಿಲ್ಲ, ಕಣ್ಣಿಟ್ಟು ನೋಡಿದಳಷ್ಟೆ. “ಇವರಿಗೇ. ಹೀಗೊಂದು ತೇಪೆ ಇದೆ, ಆಳದ ತೊಟ್ಟಿಗೆ ಹೊತ್ತು ಕೂಡಿಸುತ್ತೆ, ಇಟ್ಕೋಬೇಕಾ ಅಂತ. ‘ಅದು ಕಸ. ಗುಡಿಸಿ ಹಾಕು’ ಅಂದ್ರು. ಅದೇ ಮಾತು. ಮೇಸ್ತ್ರಿ ಸತ್ತ ಮೇಲೆ ಇದನ್ನ ಯಾರಿಗೆ ಹೇಳಲಿ? ಸಾಕ್ಷಿ ಇಲ್ಲ. ಇವರು ಇಲ್ಲ ಅಂದ್ರೆ ಮುಗೀತು. ಅದಕ್ಕೇ ಹೆಸರು ತಿರುಗಿಸಿ ಇಟ್ಟೆ. ಅವರ ಬಾಯಿ ಸಿಗದಿದ್ರೂ ಅವರ ಕೈ ಆದ್ರೂ ಸಿಗಲಿ ಅಂತ.”

“ನನ್ನ ಹತ್ರ ಹೇಳೋಕೆ ಏನಾಗಿತ್ತು ನಿನಗೆ?” ಎಂದಳು ಅತ್ತೆ. ದನಿ ತನ್ನದೆಂದು ಅವಳಿಗೇ ಅನ್ನಿಸಲಿಲ್ಲ.

“ಹೇಳಿದ್ರೆ ನೀವು ನನ್ನನ್ನ ಏನಂತ ನೋಡ್ತಿದ್ರಿ ಅಂತ ಗೊತ್ತಿತ್ತು ಅತ್ತೆ. ಉಳಿದೋರನ್ನ ನೋಡೋ ಹಾಗೆ.”

ಅತ್ತೆ ಕುರ್ಚಿಯಿಂದ ಎದ್ದಳು.

ದೊರೆ ಮೆಲ್ಲಗೆ ಕೈತಟ್ಟಿದ. “ಕಥೆ ಚೆನ್ನಾಗಿದೆ. ನಕಲಿನ ಹೆಸರು ಬದಲಾಯಿಸಿದೋಳು ಕಥೆ ಕಟ್ಟೋದು ದೊಡ್ಡದಾ? ಇನ್ಸ್‌ಪೆಕ್ಟ್ರೇ, ಇದನ್ನೂ ಬರ್ಕೊಳ್ಳಿ. ನಾನು ಈ ಹುಡುಗೀ ಜೊತೆ ಇವತ್ತಿನ ತನಕ ಒಂದು ಮಾತೂ ಆಡಿಲ್ಲ. ದನಿ ಕೇಳಿದ್ದೇ ಈಗ.”

ಇನ್ಸ್‌ಪೆಕ್ಟರ್ ಬರೆದುಕೊಂಡ. ಬರೆದು ಮುಗಿಸಿ, ಟೋಪಿ ತಲೆಗಿಟ್ಟುಕೊಂಡು, ಅತ್ತೆಯ ಮುಖ ನೋಡಲಾಗದೆ ಪುಟ್ಟಿಗೆ ಹೇಳಿದ. “ನಡೀರಿ ಅಮ್ಮಾ. ಜೀಪು ಹೊರಗಿದೆ. ನನ್ನ ಕೈಲಿ ಇನ್ನೇನೂ ಇಲ್ಲ.”

ಪುಟ್ಟಿ ಬಾಗಿಲ ಕಡೆ ತಿರುಗಿದಳು. ಅಲ್ಲಿ ದೊರೆಯ ಹೆಂಡತಿ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಲೋಟಗಳ ಮೇಲೆ ಕೆನೆ ಕಟ್ಟಿತ್ತು. ಅವಳು ಪುಟ್ಟಿಯ ಮುಖವನ್ನು ಬಗ್ಗಿ ಬಗ್ಗಿ ನೋಡಿದಳು.

“ಓ, ನೀನೇನಾ ಅದು? ದನಿ ಎಲ್ಲೋ ಕೇಳಿದ ಹಾಗಿದೆ ಅಂತ ಆಗಿನಿಂದ ಯೋಚನೆ ಮಾಡ್ತಿದ್ದೆ,” ಎಂದಳು. “ಕಾರ್ಖಾನೆಯಿಂದ ಯಾರೋ ಹುಡುಗಿ ಅಂತ ನಾನೇ ಅಲ್ವಾ ಫೋನ್ ಎತ್ತಿ ಇವರ ಕೈಗೆ ಕೊಟ್ಟಿದ್ದು.”

“ಒಳಗೆ ಹೋಗೇ,” ಎಂದ ದೊರೆ.

“ಹೋಗ್ತೀನಿ ತಡೀರಿ.” ಅವಳು ತಟ್ಟೆಯನ್ನು ಇನ್ಸ್‌ಪೆಕ್ಟರನ ಕೈಗಿತ್ತು, ಸೆರಗಿನಿಂದ ಕೈ ಒರೆಸಿಕೊಂಡಳು. “ಅವತ್ತು ಅದೇನು ತಮಾಷೆ ಹೇಳಿದ್ಯೋ ಮಗಳೇ? ಫೋನ್ ಇಟ್ಟಮೇಲೆ ಊಟಕ್ಕೆ ಕೂತಾಗಲೂ ನಗ್ತಾನೇ ಇದ್ರು. ಮದುವೆಯಾದಾಗಿನಿಂದ ಇವರು ಅಷ್ಟು ನಕ್ಕಿದ್ದನ್ನ ನಾನು ನೋಡಿರಲಿಲ್ಲ.”